ಗೋಧಿ ಸೋಕದ ಪಾತ್ರೆ

"ಏನಿದು ಮೆರಿನ್, ಊಟಕ್ಕೋ, ಇಲ್ಲಾ ನನ್ನ ದೋಣಿ ತಳಕ್ಕೆ ಬಳಿಯೋಕೋ?" ಡೌವೆ ಪಾತ್ರೆಯೊಳಗೆ ಬಗ್ಗಿ ನೋಡಿ ಕೇಳಿದ.

ಪಾತ್ರೆಯಲ್ಲಿ ಸುಣ್ಣದ ನೀರಿನಂಥದೇನೋ ತುಳುಕುತ್ತಿತ್ತು. ಇಂಡೋನೇಷ್ಯಾದ ಸಪಾರುವಾ ದ್ವೀಪದ ಮುಂದೆ ಲಂಗರು ಹಾಕಿದ್ದ ಹಾಯಿದೋಣಿಗಳವರೆಲ್ಲ ದಂಡೆಗಿಳಿದು, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಸಂಜೆ ಅದು. ಡಚ್ ಮುದುಕ ಡೌವೆ ತಾನೇ ಸುಟ್ಟ ಬ್ರೆಡ್ಡಿನ ಬುಟ್ಟಿ ಹೊತ್ತು ಬಂದಿದ್ದ, ದಾರಿಯಲ್ಲೇ ಅರ್ಧ ತಿಂದು ಮುಗಿಸಿದ್ದ.

ಮೆರಿನ್‌ಳ ಮಗಳು ಟಿಲ್ಡಾಳಿಗೆ ಗೋಧಿ ಆಗದು. ಒಂದು ಚೂರು ಹೊಟ್ಟೆಗೆ ಹೋದರೂ ವಾಂತಿ ಹತ್ತಿ ಮಲಗಿಬಿಡುತ್ತಾಳೆ. ಹಿಂದಿನ ಬಂದರಿನಲ್ಲಿ ಇಂಥದೇ ಊಟದ ನಡುವೆ ಯಾರೋ ಬ್ರೆಡ್ಡಿನ ಪುಡಿ ಮೆತ್ತಿದ ಚಮಚವನ್ನು ಅವಳ ಅನ್ನಕ್ಕೆ ಹಾಕಿದ್ದರು. ಅಲ್ಲಿಂದ ಇಲ್ಲಿಯವರೆಗೂ, ನಡುಗಡಲಿನಲ್ಲಿ, ಮಗು ಬಕೆಟ್ ತಬ್ಬಿಕೊಂಡೇ ಬಂದಿತ್ತು. ಈಗ ದೋಣಿಯಲ್ಲಿದ್ದ ಅಕ್ಕಿಗೂ ಉಪ್ಪುನೀರು ನುಗ್ಗಿತ್ತು. ಸಂತೆಯಲ್ಲಿ ಸಿಕ್ಕಿದ್ದು ಸಾಗೋ ಮರದ ತಿರುಳಿನ ಹಿಟ್ಟು. ತಣ್ಣೀರಲ್ಲಿ ಕದಡಿ ಮೇಲೆ ಕುದಿನೀರು ಹೊಯ್ದರೆ ಗಾಜಿನಂಥ ಗಟ್ಟಿ ಗಂಜಿಯಾಗಬೇಕು. ಇಲ್ಲಿಯವರು ಪಪೇಡಾ ಎಂದು ದಿನವೂ ಉಣ್ಣುವುದು ಅದನ್ನೇ. ಆದರೆ ಬೀಸುಗಾಳಿಗೆ ಬೆಂಕಿ ಆರೀತೆಂದು ಹೆದರಿ, ನೀರು ಸುಯ್‌ಗುಟ್ಟಿದ ಕೂಡಲೇ ಇಳಿಸಿ ಹೊಯ್ದಿದ್ದಳು.

"ಕೆಟ್ಟೋಯ್ತಾ ಅಮ್ಮಾ?"

"ಇರು, ನೋಡೋಣ."

"ಪರ್ವಾಗಿಲ್ಲ. ನಾನು ದೋಣಿಗೆ ಹೋಗಿ ಬಾಳೆಹಣ್ಣು ತಿಂತೀನಿ. ನೀನು ಇಲ್ಲೇ ಇರು, ಎಲ್ಲರ ಜೊತೆ."

ಮಗಳು ಬೈದಿದ್ದರೆ ಮೆರಿನ್ ತಡೆದುಕೊಳ್ಳುತ್ತಿದ್ದಳು. ಒಂಬತ್ತು ವರ್ಷದ ಬಾಯಲ್ಲಿ ಬಂದ ಆ 'ಪರ್ವಾಗಿಲ್ಲ' ಅವಳಿಗೆ ಚುಚ್ಚಿತು. ಮತ್ತೆ ಪಾತ್ರೆಗೆ ಬಗ್ಗಿದಳು. ಮೇಲಿನ ನೀರು ತಿಳಿಯಾಗುತ್ತಿತ್ತು. ಬಿಳುಪು ತಳಕ್ಕೆ ಇಳಿಯುತ್ತಿತ್ತು. ಹಿಟ್ಟು ಬೆಂದಿಲ್ಲ, ಅಂದರೆ ಕೆಟ್ಟೂ ಇಲ್ಲ!

"ಟಿಲ್ಡಾ, ಕಟ್ಟಿಗೆ ಒಟ್ಟು. ಡೌವೆ, ಗಾಳಿಗೆ ಅಡ್ಡ ನಿಂತ್ಕೊಳ್ಳಿ. ಅಷ್ಟಗಲ ಬೆನ್ನು ಇವತ್ತಾದ್ರೂ ಕೆಲಸಕ್ಕೆ ಬರ್ಲಿ."

ತಿಳಿನೀರು ಬಗ್ಗಿಸಿ ಚೆಲ್ಲಿದಳು. ಈ ಸಲ ಕೆಟಲ್ಲಿನ ಮುಚ್ಚಳ ಕುಣಿದಾಡುವವರೆಗೂ ಕಾದಳು. ಹೊಗೆಗೆ ಕಣ್ಣು ಸುರಿಯುತ್ತಿದ್ದರೂ ಪಕ್ಕಕ್ಕೆ ಸರಿಯಲಿಲ್ಲ. ಮಗಳು ನೀರು ಹೊಯ್ಯಲು ಬಂದರೆ ಬೇಡವೆಂದು ತಾನೇ ಹೊಯ್ದು, ತೋಳೆಲ್ಲ ಸೋಲುವಂತೆ ತಿರುವಿದಳು. ಸೌಟು ಭಾರವಾಯಿತು. ಅಂಚಿನಿಂದ ಬಿಳುಪು ಕರಗತೊಡಗಿತು.

"ಅಮ್ಮಾ! ಪಾತ್ರೆ ತಳ ಕಾಣ್ತಿದೆ! ಗಾಜಿನ ಥರ!"

ಟಿಲ್ಡಾ ಎರಡು ಕಡ್ಡಿಗಳಲ್ಲಿ ಗಂಜಿಯನ್ನು ಸುತ್ತಿ ಸುತ್ತಿ ತಟ್ಟೆಗೆ ಬಿಟ್ಟುಕೊಂಡಳು. ಮೆರಿನ್ ಅದರ ಮೇಲೆ ಮೊದಲೇ ಮಾಡಿಟ್ಟಿದ್ದ, ಅರಿಶಿನ ಹಾಕಿದ ಮೀನಿನ ಸಾರು ಸುರಿದಳು. ಮಗಳು ಅಗಿಯದೆ ಸೊರ್ರೆಂದು ಎಳೆದುಕೊಂಡಳು, ನಕ್ಕಳು, ಮತ್ತೆ ಬಡಿಸಿಕೊಂಡಳು. ಸಾರಿನ ಘಮಕ್ಕೆ ಒಬ್ಬೊಬ್ಬರೇ ಎದ್ದು ಬಂದರು. ನೋಡನೋಡುತ್ತ ಪಾತ್ರೆಯ ಮುಂದೆ ಸಾಲೇ ನಿಂತಿತು. ಮುಂದೆ ನಿಂತಿದ್ದ ಡೌವೆ ತನ್ನ ಚಮಚವನ್ನೇ ಒಳಗಿಳಿಸಲು ಹೋದ.

ಮೆರಿನ್ ಬಾಯಿ ತೆರೆದಳು. ಅವಳಿಗಿಂತ ಮೊದಲೇ ಟಿಲ್ಡಾ ಪಾತ್ರೆಯನ್ನು ಹಿಂದಕ್ಕೆಳೆದುಕೊಂಡಿದ್ದಳು.

"ನಿಲ್ಲಿ ತಾತ. ಕೈ ತೋರ್ಸಿ. ಕೈ ತುಂಬಾ ಬ್ರೆಡ್ಡಿನ ಪುಡಿ! ತೊಳ್ಕೊಂಡು ಬನ್ನಿ, ನಾನೇ ಬಡಿಸ್ತೀನಿ. ಎಲ್ಲರೂ ಅಷ್ಟೇ. ಆ ಚಮಚ ಅಲ್ಲೇ ಬಿಡಿ. ಮತ್ತೆ ತಾತ, ಗಡ್ಡ ಕೂಡ."

ಸಾಲಿಗೆ ಸಾಲೇ ಸಮುದ್ರದ ಕಡೆ ತಿರುಗಿತು. ಎಲ್ಲರಿಗಿಂತ ಮುಂದೆ, ಅಲೆಯಲ್ಲಿ ಮೊಣಕಾಲೂರಿ, ಡೌವೆ ಗಡ್ಡ ತಿಕ್ಕಿಕೊಳ್ಳುತ್ತಿದ್ದ.