ಕಾರ್ಡಿನ ಮೇಲಿನ ಹೆಸರು

"ಹೋಗಿ. ನಿಮ್ಮ ಹೆಸರು ಇನ್ನು ಈ ಮನೇಲಿ ಯಾರ ಬಾಯಲ್ಲೂ ಬರಲ್ಲ. ಮಾತು ಕೊಟ್ಟಿದೀನಿ, ಹೋಗಿ."

ಅರ್ಧ ತೆರೆದ ಬಾಗಿಲಲ್ಲಿ ನಿಂತು ಆ ಹೆಂಗಸು ಹೀಗೆಂದು ಎಷ್ಟೋ ಕಾಲವಾಗಿತ್ತು. ಅವಳ ಒಂದು ಕೈ ಅಗುಳಿಯ ಮೇಲಿತ್ತು. ಇನ್ನೊಂದು ಬಾಗಿಲ ಹಿಂದಿತ್ತು, ಕಾಣುತ್ತಿರಲಿಲ್ಲ. ಅವನು ಚೀಲ ಎತ್ತಿಕೊಂಡು ತಿರುಗಿ ನೋಡದೆ ನಡೆದಿದ್ದ. ಆ ಮಾತನ್ನೇನೂ ಅವನು ನಂಬಿರಲಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಮನುಷ್ಯರ ಬಾಯಿ ಮುಚ್ಚಲಾದೀತೇ?

ಅದಕ್ಕೇ ಅವನು ಎಲ್ಲಿ ಹೋದರೂ ಕಾರ್ಡು ಕೊಡುತ್ತಿದ್ದವನು, ಇಲ್ಲಿ ಮಾತ್ರ ನೋಟು ಕೊಡುತ್ತಿದ್ದ.

ಮನರಂಜನಾ ಉದ್ಯಾನದ ಹೆಬ್ಬಾಗಿಲಲ್ಲಿ ಸಾಲು ಕಿಟಕಿಗಳು. ಎಲ್ಲ ಕಡೆ ಕಾರ್ಡು, ಇಲ್ಲವೇ ಫೋನು. ಕೊನೆಯ ಕಿಟಕಿಯಲ್ಲಿ ಮಾತ್ರ ನೋಟು ನಡೆಯುತ್ತಿತ್ತು. ಕೊಟ್ಟ ಹಣವನ್ನು ಕೈಪಟ್ಟಿಗೆ ತುಂಬಿಸುತ್ತಾರೆ. ಒಳಗೆ ದೈತ್ಯಚಕ್ರಕ್ಕೂ ದೋಣಿಗೂ ಚಹಾಕ್ಕೂ ಆ ಪಟ್ಟಿ ಮುಟ್ಟಿಸಿದರೆ ಸಾಕು. ಸಂಜೆ ಉಳಿದದ್ದನ್ನು ಅದೇ ಕಿಟಕಿಯಲ್ಲಿ ವಾಪಸು ಕೊಡುತ್ತಾರೆ.

ಪ್ರತಿ ಭಾನುವಾರ ಅವನು ಒಬ್ಬನೇ ಬರುತ್ತಿದ್ದ. ಯಾವ ಆಟಕ್ಕೂ ಹೋಗುತ್ತಿರಲಿಲ್ಲ. ಒಂದು ಚಹಾ ಕುಡಿದು, ಕೊನೆಯ ಕಿಟಕಿ ಕಾಣುವ ಬೆಂಚಿನ ಮೇಲೆ ಕೂತು, ಸಂಜೆ ಉಳಿಕೆ ಪಡೆದು ಹೊರಡುತ್ತಿದ್ದ.

ಕಾವಲುಗಾರನ ಮೂಗಿಗೆ ಏನೋ ವಾಸನೆ ಬಡಿದಿತ್ತು. ಕಿಟಕಿಯ ಹುಡುಗಿಗೆ, ಅವನ ಕಿವಿಗೂ ಬೀಳಲಿ ಎಂಬಂತೆ ಹೇಳಿದ್ದ: "ಖೋಟಾ ನೋಟಿನ ಗಿರಾಕಿ ಇರ್ಬೇಕು ಕಣಮ್ಮ. ದೊಡ್ಡ ನೋಟು ಕೊಡ್ತಾನೆ, ಚಿಲ್ಲರೆ ತಗೊಂಡು ಹೋಗ್ತಾನೆ. ನಿನ್ನ ಊರು ಯಾವುದು ಅಂತ ಬೇರೆ ನನ್ನ ಕೇಳ್ದ. ಹುಷಾರು."

"ಬೆಳಕಿಗೆ ಹಿಡಿದು ನೋಡಿದೀನಿ ಅಣ್ಣಾ. ನೋಟು ಅಸಲಿ. ಅಂಕಲ್ ಅಸಲಿನೋ ಅಲ್ವೋ, ಅದು ನಂಗೊತ್ತಿಲ್ಲ" ಎಂದು ಅವಳು ನಕ್ಕಿದ್ದಳು.

ಮೊದಲ ಸಲ ಅವನು ಕಚೇರಿಯವರ ಜತೆ ಬಂದಿದ್ದ. ಸಾಲಿನಲ್ಲಿ ನಿಂತು ಕಾರ್ಡನ್ನೇ ಹೊರತೆಗೆದಿದ್ದ. ಕಿಟಕಿಯೊಳಗಿನ ಮುಖ ಕಂಡಿತು. ಎದೆಯ ಬಿಲ್ಲೆಯ ಮೇಲಿನ ಹೆಸರು ಕಂಡಿತು. ಕಾರ್ಡು ಮೆಲ್ಲನೆ ಜೇಬಿಗೆ ಹಿಂದಿರುಗಿತು. ಅಂದಿನಿಂದ ನೋಟು. ಅದನ್ನೂ ಎಡಗೈಯನ್ನು ಜೇಬಿನಲ್ಲಿ ಅದುಮಿಟ್ಟುಕೊಂಡು, ಬಲಗೈಯಿಂದಲೇ ಚಾಚುತ್ತಿದ್ದ.

"ಎಡಗೈಲಿ ತಗೊಂಡೆ ಅಂತ ಬೇಜಾರು ಮಾಡ್ಕೋಬೇಡಿ ಅಂಕಲ್. ನಾನು ಎಡಚಿ."

"ದುಡ್ಡಿಗೆ ಎಡ ಬಲ ಏನಮ್ಮ ಗೊತ್ತು?"

"ನಮ್ಮಪ್ಪನೂ ನಿಮ್ಮ ಥರಾನೇ. ಕೈಯಲ್ಲಿ ನೋಟಿದ್ರೇನೇ ಧೈರ್ಯ. ಕಾರ್ಡ್ ಹಿಡಿಯೋದನ್ನ ನಾನೇ ಕಲಿಸಿದ್ದು."

ಅವನು ತಲೆಯಾಡಿಸಿದ್ದ. ಅವಳ ಅಪ್ಪ ಅದೃಷ್ಟವಂತ.

ಬೆಳಿಗ್ಗೆ ಇಷ್ಟು ಮಾತು, ಸಂಜೆ ಇಷ್ಟು ಮಾತು. ಅವನ ವಾರದ ಸಂಪಾದನೆ ಅಷ್ಟೇ.

ಒಂದು ಭಾನುವಾರ ಸಂಜೆ ಉಳಿಕೆ ಎಣಿಸುತ್ತಾ ಅವಳು ಹೇಳಿದಳು: "ಮುಂದಿನ ವಾರದಿಂದ ನೋಟು ಬಂದ್ ಅಂಕಲ್."

"ಫೋನಲ್ಲಿ ಕಟ್ಟಿದ್ರೆ?"

"ಕಟ್ಬಹುದು. ಇಲ್ಲಿ ಪರದೆ ಮೇಲೆ ನಿಮ್ಮ ಹೆಸರು ಬರುತ್ತೆ."

"ಹೆಸರು ಬರದ ಹಾಗೆ ಏನೂ ಇಲ್ವಾ?"

"ಉಡುಗೊರೆ ಕಾರ್ಡ್ ಇದೆ. ಆದ್ರೆ ಅದನ್ನ ಬೇರೆಯವ್ರು ನಿಮಗೆ ಕೊಡಿಸ್ಬೇಕು. ಯಾರಾದ್ರೂ ಇದಾರಾ?"

ಅವನು ಚಿಲ್ಲರೆ ಎತ್ತಿಕೊಂಡ.

"ಹಾಗಾದ್ರೆ ಕಾರ್ಡೇ ಗತಿ. ಹೆಸರು ಗಟ್ಟಿಯಾಗಿ ಓದಿ ಕೇಳ್ತೀವಿ, ನಮ್ಮ ನಿಯಮ. ಕದ್ದ ಕಾರ್ಡಲ್ಲ ತಾನೇ?" ಅವಳು ಮತ್ತೆ ನಕ್ಕಳು. ಕಾವಲುಗಾರ ನಗಲಿಲ್ಲ.

ಅವನ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಎರಡನೆಯದರ ಮೇಲೆ ಇಸ್ತ್ರಿಯ ಬಟ್ಟೆ ಕೂರುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ಹಳೆಯ ಕೈಪಟ್ಟಿಗಳು ನೇತಾಡುತ್ತಿದ್ದವು. ಆ ವಾರವೆಲ್ಲ ಅವುಗಳನ್ನು ನೋಡುತ್ತಾ ಲೆಕ್ಕ ಹಾಕಿದ. ಹೆಸರು ಓದಿದೊಡನೆ ಅವಳು ಕಿಟಕಿ ಮುಚ್ಚಿಬಿಡಬಹುದು. ಕಾವಲುಗಾರನನ್ನು ಕೂಗಬಹುದು. ಎಲ್ಲರೆದುರು ಮುಖಕ್ಕೆ ಉಗಿಯಬಹುದು. ಹೋಗದೇ ಇದ್ದರೆ ಇದ್ಯಾವುದೂ ಇಲ್ಲ. ಭಾನುವಾರವೂ ಇಲ್ಲ.

ಶನಿವಾರ ಬಟ್ಟೆಗೆ ಇಸ್ತ್ರಿ ಹಾಕಿದ.

ಕೊನೆಯ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಅವನ ಸರದಿ ಬಂತು. ಕಾರ್ಡನ್ನು ಮುಖ ಕೆಳಗೆ ಮಾಡಿ ತೂರಿಸಿದ. ಕಾವಲುಗಾರ ಎರಡು ಹೆಜ್ಜೆ ಹತ್ತಿರ ಬಂದ. ಹುಡುಗಿ ಕಾರ್ಡು ತಿರುಗಿಸಿ, ಅವನ ಪೂರ್ತಿ ಹೆಸರನ್ನು ತಡೆದು ತಡೆದು ಗಟ್ಟಿಯಾಗಿ ಓದಿದಳು. ತಲೆಯೆತ್ತಿ ಅವನ ಮುಖ ನೋಡಿದಳು.

ಅವನು ಕಿಟಕಿಯ ಅಂಚು ಹಿಡಿದುಕೊಂಡ.

"ನಿಮ್ಮದೇ ತಾನೇ?"

"ಹೂಂ."

"ಎಷ್ಟು ಚೆನ್ನಾಗಿದೆ ಅಂಕಲ್! ಇಂಥ ಹೆಸರು ನಾನು ಇದೇ ಮೊದಲು ಕೇಳ್ತಿರೋದು." ಯಂತ್ರವನ್ನು ಅವನತ್ತ ಸರಿಸಿದಳು. "ಸಂಖ್ಯೆ ಒತ್ತಿ."

ಅವನು ಒತ್ತಿದ. ಜೇಬಿನಲ್ಲಿರಬೇಕಾದ ಎಡಗೈಯೇ ಮುಂದೆ ಬಂದಿತ್ತು.

"ಅಯ್ಯೋ, ನೀವೂ ಎಡಚರಾ? ಇಷ್ಟು ದಿನ ಹೇಳ್ಲೇ ಇಲ್ಲ ನೋಡಿ!" ಕಾರ್ಡನ್ನೂ ಕೈಪಟ್ಟಿಯನ್ನೂ ಕೊಟ್ಟು ಅವಳು ಅವನ ಹೆಗಲಾಚೆ ನೋಡಿದಳು. "ಮುಂದಿನವ್ರು ಬನ್ನಿ."

ಅವನು ಬೆಂಚಿನ ಮೇಲೆ ಕೂತ. ಬಿಲ್ಲೆಯ ಮೇಲಿನ ಅವಳ ಹೆಸರು ಅಲ್ಲಿಂದಲೂ ಓದಲು ಬರುತ್ತಿತ್ತು. ಅದನ್ನು ಹುಡುಕಿ ಇಟ್ಟವನು ಅವನೇ.

ಅಂದು ಬಾಗಿಲ ಹಿಂದೆ ಕಾಣದಿದ್ದ ಆ ಕೈ ಈ ಮಗಳನ್ನು ಎತ್ತಿಕೊಂಡಿತ್ತು. ಹೆಂಡತಿ ಮಾತು ಉಳಿಸಿಕೊಂಡಿದ್ದಳು.