ಐದು ಮನೆಯ ಭಿಕ್ಷೆ

ಇಂದಿಗೂ ಜೋಳದ ರೊಟ್ಟಿ ಕರಕಾದ ವಾಸನೆ ಬಂದರೆ ನನ್ನ ಕೆನ್ನೆ ಉರಿಯುತ್ತದೆ, ಏಟು ಬಿದ್ದದ್ದು ಅವ್ವನಿಗಾದರೂ.

ನರೋಣಾದಿಂದ ಬಸ್ಸು ಹತ್ತಿ ಗಾಣಗಾಪುರಕ್ಕೆ ಹೋಗಿಬರುವುದೇ ನಮ್ಮ ವರ್ಷದ ಪ್ರವಾಸ. ದತ್ತನ ಆ ಕ್ಷೇತ್ರಕ್ಕೆ ಬಂದವರು ಬಡವರಿರಲಿ, ಸಾಹುಕಾರರಿರಲಿ, ಮಧ್ಯಾಹ್ನ ಐದು ಮನೆ ಬೇಡಿ ಉಣ್ಣುವುದು ಪದ್ಧತಿ; ಆ ಹೊತ್ತಿಗೆ ದತ್ತನೂ ವೇಷ ಮರೆಸಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಅಪ್ಪ ಮಾತ್ರ ಎಂದೂ ನಮ್ಮನ್ನು ಬೇಡಲು ಬಿಟ್ಟಿರಲಿಲ್ಲ. ಆ ವರ್ಷ ಸಂಗಮದಲ್ಲಿ ಮಿಂದು ಬಂದ ಅವ್ವ ಮೊದಲ ಮನೆಯ ಮುಂದೆ ಸೆರಗೊಡ್ಡಿದಳು. ಆ ಮನೆಯ ಅಜ್ಜಿ ಅಂಚು ಕರಕಾದ ಬಿಸಿ ಜೋಳದ ರೊಟ್ಟಿ ಹಾಕುತ್ತಿದ್ದಂತೆ ಅಪ್ಪ ಅವ್ವನ ಕಪಾಳಕ್ಕೆ ಬಾರಿಸಿದ. ರೊಟ್ಟಿ ಮಣ್ಣಿಗೆ ಬಿತ್ತು.

"ಗೌಡರ ಮನಿ ಸೊಸಿಯಾಗಿ ಭಿಕ್ಷಾ ಬೇಡ್ತೀ ಏನಬೇ?" ಎನ್ನುತ್ತ ತುರುಬು ಹಿಡಿದು ಎಳೆದು ಒದ್ದ. ಬಳೆಗಳು ಒಡೆದವು.

"ಹೊಡೀಬ್ಯಾಡ್ರಿ! ದತ್ತ ಯಾವ ರೂಪದಾಗ ಬರ್ತಾನೋ ಯಾರಿಗೆ ಗೊತ್ರಿ?" ಅಜ್ಜಿ ಕೂಗಿದಳು.

ಅವ್ವ ತುಟಿಯ ರಕ್ತ ಒರೆಸಿಕೊಂಡು ಎದ್ದಳು. ರೊಟ್ಟಿಯ ಮಣ್ಣು ಊದಿ ಸೆರಗಿನಲ್ಲಿ ಕಟ್ಟಿಕೊಂಡು, ಅಪ್ಪನ ಮುಂದೆಯೇ ನನ್ನ ಕೈ ಹಿಡಿದಳು.

"ನಡಿ, ಇನ್ನ ನಾಕ ಮನಿ ಅದಾವ."