ಆರನೆಯ ಬೀಗ

ಐದು ಬೀಗ ಬಿಚ್ಚಿದ್ದಾಗಿತ್ತು. ಆರನೆಯದು ಮಾತ್ರ ಕೆಂಪು ಪೆಟ್ಟಿಗೆಯ ಮೇಲೆ ಹಾಗೇ ತೂಗುತ್ತಿತ್ತು. ಅದಕ್ಕೆ ಕಟ್ಟಿದ ಹಳದಿ ಚೀಟಿಯಲ್ಲಿ ‘ಮಂಟಯ್ಯ’ ಎಂದು ಬರೆದಿತ್ತು. ಮಂಟಯ್ಯ ಎಲ್ಲೂ ಇರಲಿಲ್ಲ.

ಸೂಪರ್‌ವೈಸರ್ ಷಡಕ್ಷರಿ ಚೀಟಿಯನ್ನು ಮತ್ತೊಮ್ಮೆ ಓದಿದ. ಓದಿದರೆ ಹೆಸರು ಬದಲಾಗುತ್ತದೆಯೇ?

ಮೇಟಗಳ್ಳಿಯ ಆಚೆಗಿನ ಆ ಗೊಬ್ಬರದ ಕಾರ್ಖಾನೆಯ ಜೀವವೇ ಒಂದು ಡ್ರಮ್ಮು. ಎರಡು ಸಿಟಿ ಬಸ್ಸು ಹಿಂದೆ ಮುಂದೆ ನಿಂತಷ್ಟು ಉದ್ದ. ಹಸಿ ಗೊಬ್ಬರ ಅದರೊಳಗೆ ಉರುಳಿ ಉರುಳಿ ಒಣಗಬೇಕು. ಒಳಗೆಲ್ಲ ಕಬ್ಬಿಣದ ರೆಕ್ಕೆಗಳು, ನಡುನಡುವೆ ತಗಡಿನ ಅಡ್ಡಗೋಡೆಗಳು. ಬಾಯಿಯಲ್ಲಿ ಇಣುಕಿದರೆ ಕೊನೆ ಕಾಣದು.

ಸವೆದ ರೆಕ್ಕೆ ಬದಲಿಸಲು ಜನ ಒಳಗೆ ಹೋಗುವ ಮುಂಚೆ ಮೇನ್ ಸ್ವಿಚ್ಚಿಗೆ ಬೀಗ ಜಡಿದು, ಅದರ ಕೀಲಿಯನ್ನು ಕೆಂಪು ಪೆಟ್ಟಿಗೆಯೊಳಗೆ ಹಾಕುತ್ತಿದ್ದರು. ಒಳಗೆ ಇಳಿಯುವ ಪ್ರತಿಯೊಬ್ಬನೂ ಪೆಟ್ಟಿಗೆಗೆ ತನ್ನದೊಂದು ಬೀಗ ಹಾಕಬೇಕು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಹೊರಗೆ ಬಂದ ಮೇಲೆ ತಾನೇ ತೆಗೆಯಬೇಕು. ಒಂದು ಬೀಗ ಉಳಿದರೂ ಪೆಟ್ಟಿಗೆ ತೆರೆಯದು, ಡ್ರಮ್ಮು ತಿರುಗದು. ಗುತ್ತಿಗೆ ಆಳುಗಳಿಗೆ ಕಂಪನಿ ಬೀಗ ಕೊಟ್ಟಿರಲಿಲ್ಲ. ಅವರು ಕಾಯಂ ನೌಕರರ ಬೀಗ ನಂಬಿಕೊಂಡು ಕೆಲಸ ಮಾಡುತ್ತಿದ್ದರು.

ಈ ಪೆಟ್ಟಿಗೆ ಬಂದದ್ದು ಚನ್ನಬಸವಯ್ಯ ಸತ್ತ ಮೇಲೆ, ತೊಂಬತ್ತೇಳರಲ್ಲಿ. ಅವನು ಡ್ರಮ್ಮಿನೊಳಗಿರುವುದು ಗೊತ್ತಿಲ್ಲದೆ ಅದನ್ನು ತಿರುಗಿಸುವ ಹಸಿರು ಗುಂಡಿ ಒತ್ತಿದ್ದರು. ಒತ್ತಿದ ಹೆಬ್ಬೆರಳು ಷಡಕ್ಷರಿಯದು. ತಪ್ಪು ಅವನದಲ್ಲ ಎಂದು ವಿಚಾರಣೆಯಲ್ಲಿ ಬರೆದರು. ಬರೆದುಬಿಟ್ಟರೆ ಆಯಿತೇ? ಆರು ವರ್ಷವಾದರೂ ಆ ಗುಂಡಿಯ ಹತ್ತಿರ ಹೋದರೆ ಬೆರಳು ನಡುಗುತ್ತಿತ್ತು. ಇನ್ನೊಬ್ಬನ ಜೀವ ತನ್ನ ಕೈಯಿಂದ ಹೋದರೆ ತಾನೂ ಉಳಿಯುವುದಿಲ್ಲ ಎಂದು ಅವನಿಗೆ ಖಂಡಿತವಾಗಿ ಗೊತ್ತಿತ್ತು.

“ಮನೆಗೆ ಹೋಗಿರ್ತಾನೆ ಕಣ್ರೀ. ಬೀಗ ಕತ್ತರಿಸಿ ಬಿಸಾಕಿ,” ಎಂದರು ಮ್ಯಾನೇಜರ್ ಸುಂದರೇಶ. ಮಧ್ಯಾಹ್ನ ಎರಡೂವರೆ. ಡ್ರಮ್ಮು ಹನ್ನೆರಡಕ್ಕೇ ತಿರುಗಬೇಕಿತ್ತು.

“ಅವನ ಸೈಕಲ್ ಸ್ಟ್ಯಾಂಡಲ್ಲೇ ಇದೆ ಸಾರ್. ಊಟದ ಡಬ್ಬೀನೂ ಗೂಟದಲ್ಲೇ ಇದೆ. ಹೊರಗೆ ಒಬ್ಬರೂ ಹೋಗಿಲ್ಲ ಅಂತ ಗೇಟಿನ ಪುಟ್ಟಮಾದಯ್ಯ ಆಣೆ ಮಾಡ್ತಾನೆ.”

“ಹಾಗಾದ್ರೆ ಎಲ್ಲೋ ಮಲಗಿರ್ತಾನೆ.”

“ಎಲ್ಲಿ ಮಲಗಿದಾನೆ ಅನ್ನೋದೇ ಭಯ ಸಾರ್.”



ಕ್ಯಾಂಟೀನು, ಕಕ್ಕಸು, ಉಗ್ರಾಣ ಎಲ್ಲ ಜಾಲಾಡಿದರು. ಉಳಿದದ್ದು ಡ್ರಮ್ಮು. ಷಡಕ್ಷರಿ ಅದರ ಬಾಯಿಗೆ ತಲೆಯೊಡ್ಡಿ ಕೂಗಿದ. ಅವನ ಕೂಗು ಅವನಿಗೇ ವಾಪಸು ಬಂತು. ಒಳಗೆ ಬಿದ್ದಿದ್ದಾನೆಯೇ, ಬಿಸಿಗೆ ಪ್ರಜ್ಞೆ ತಪ್ಪಿತೇ? ಹೋಗಿ ನೋಡಬೇಕು. ಕಾಲೇ ಏಳಲಿಲ್ಲ. ಚನ್ನಬಸವಯ್ಯನನ್ನು ಹೊರತೆಗೆದ ದಿನದಿಂದ ಅವನು ಒಳಗೆ ಕಾಲಿಟ್ಟವನಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಹೆದರಿಕೆ.

“ನೀವಿರಿ ಸಾರ್, ನಾನ್ ನೋಡ್ಕೊಂಡ್ ಬತ್ತೀನಿ,” ಎಂದ ಗುತ್ತಿಗೆ ಆಳು ರಾಮಯ್ಯ. “ಮಂಟಯ್ಯಣ್ಣನ ಬೀಗ ಐತಲ್ಲ, ಇನ್ನೇನ್ ಭಯ.”

ಷಡಕ್ಷರಿ ಸೊಂಟದ ಟಾರ್ಚು ಬಿಚ್ಚಿಕೊಟ್ಟ. ಕೊಟ್ಟು ಪೆಟ್ಟಿಗೆಗೆ ಒರಗಿ ನಿಂತ. ಮಂಟಯ್ಯನ ಹೆಂಡತಿ ಮಹದೇವಮ್ಮನ ಮುಖ ಕಣ್ಣಮುಂದೆ ಬಂತು. ಆ ಹೆಣ್ಣುಮಗಳಿಗೆ ಏನೆಂದು ಹೇಳುವುದು? ಚನ್ನಬಸವಯ್ಯನ ಮನೆಯಲ್ಲಿ ಹೇಳಿದ ಮಾತನ್ನೇ ಮತ್ತೆ ಹೇಳುವುದೇ?

ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಗೇಟಿನ ಕಡೆಯಿಂದ ಕೂಗು ಕೇಳಿತು.

“ಸಾರ್, ಮಂಟಯ್ಯ ಬಂದ!”

ಇದ್ದಬದ್ದವರೆಲ್ಲ ಓಡಿದರು. ಷಡಕ್ಷರಿ ಎಲ್ಲರಿಗಿಂತ ಮುಂದೆ. ಆಟೋದಿಂದ ಇಳಿದ ಮಂಟಯ್ಯ ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತಿದ್ದ.

“ತೆಪ್ಪಾಯ್ತು ಸಾರ್. ಮಗಳಿಗೆ ಹೆರಿಗೆ ನೋವು ಬಂತು ಅಂತ ಬಾಮೈದ ಆಟೋ ತಂದ. ಪುಟ್ಟಮಾದಯ್ಯ ಟೀಗೆ ಹೋಗಿದ್ದ, ಕೇಳೋರಿಲ್ಲ. ಹಂಗೇ ಓಡ್ಬುಟ್ಟೆ. ದೊಡ್ಡಾಸ್ಪತ್ರೆ ಮೆಟ್ಲು ಇಳಿಯುವಾಗ ಸೊಂಟದಲ್ಲಿ ಕೀಲಿ ಚುಚ್ತು, ಆಗ ಗ್ಯಾನ ಬಂತು.”

ಕೆನ್ನೆಗೆ ಎರಡು ಬಾರಿಸಬೇಕು ಎಂದುಕೊಂಡೇ ಹೋದ ಷಡಕ್ಷರಿ ಅವನನ್ನು ತಬ್ಬಿಕೊಂಡುಬಿಟ್ಟ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

“ಮಗು ಏನಾಯ್ತೋ?”

“ಹೆಣ್ಣು ಸಾರ್.”

ಹೋ ಎಂದು ಎಲ್ಲರೂ ನಕ್ಕರು. ಮೈಸೂರು ಪಾಕು ಕೊಡಿಸದೆ ಒಳಗೆ ಬಿಡುವುದಿಲ್ಲ ಎಂದು ಒಬ್ಬ ಅಡ್ಡ ನಿಂತ. ಪುಟ್ಟಮಾದಯ್ಯನನ್ನು ನಾಲ್ಕು ಜನ ಸೇರಿ ಗೋಳು ಹುಯ್ದುಕೊಂಡರು. ಸುಂದರೇಶರು ಮಾತ್ರ ಗಡಿಯಾರ ನೋಡಿದರು. “ಸಂಭ್ರಮ ಆಮೇಲೆ. ಮೊದಲು ಡ್ರಮ್ಮು ತಿರುಗಲಿ.”

ಷಡಕ್ಷರಿ ಮಂಟಯ್ಯನ ಹೆಗಲ ಮೇಲೆ ಕೈ ಹಾಕಿ ಕರೆತಂದ. ಮಂಟಯ್ಯ ಆರನೆಯ ಬೀಗ ತೆಗೆದ. ಪೆಟ್ಟಿಗೆ ತೆರೆಯಿತು. ಮೇನ್ ಸ್ವಿಚ್ಚಿನ ಬೀಗವೂ ಬಿಚ್ಚಿತು, ಹಿಡಿ ಮೇಲೆ ಹೋಯಿತು, ಫಲಕದ ದೀಪ ಹತ್ತಿತು. ಷಡಕ್ಷರಿ ಮೇಜಿನ ಮೇಲಿದ್ದ ಬೀಗಗಳನ್ನು ಎಣಿಸಿದ. ಆರು. ಬೀಗದವರನ್ನು ಎಣಿಸಿದ. ಆರು. ಅವನು ಹುಷಾರಿನ ಮನುಷ್ಯ, ಇನ್ನೊಂದು ಸಲ ಎಣಿಸಿದ. ಆಗಲೂ ಆರೇ.

ಎದುರಿಗೇ ಇದ್ದ ಡ್ರಮ್ಮಿನ ಬಾಯಿಗೆ ಕೊನೆಗೊಮ್ಮೆ ಟಾರ್ಚು ಬಿಡೋಣವೆಂದು ಸೊಂಟ ತಡವಿದ. ಟಾರ್ಚಿರಲಿಲ್ಲ. ಈ ಗಾಬರಿಯಲ್ಲಿ ಎಲ್ಲೋ ಇಟ್ಟು ಮರೆತಿರಬೇಕು ಎಂದುಕೊಂಡ.

ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಕೂತಿತು. ಆರು ವರ್ಷದಲ್ಲಿ ಮೊದಲ ಸಲ ಅದು ನಡುಗಲಿಲ್ಲ.

“ಕೊನೇವರ್ಗೂ ಹೋಗಿ ನೋಡ್ದೆ ಸಾರ್,” ಎಂದಿತು ಡ್ರಮ್ಮಿನೊಳಗಿಂದ ಒಂದು ದನಿ. “ಒಳಗೆ ಯಾರೂ ಇಲ್ಲ.”